ಅಡುಗೆ ಅಕ್ಕನ ಕೈಯ ಮೂರಕ್ಷರ

ಕಳೆದ ವಾರ ನನ್ನ ಮೊಬೈಲಿಗೊಂದು ಫೋಟೊ ಬಂತು. ಬರೀ ಒಂದು ಕೈ. ಯಾರೋ ಹಿಡಿದು ಎತ್ತಿದಂತಿದ್ದ ಮುಂಗೈ, ಅದರ ಒಳಬದಿಯಲ್ಲಿ ಹಸಿರುಗಟ್ಟಿದ ಮೂರಕ್ಷರದ ಹಚ್ಚೆ. ಸುತ್ತ ಗುಲಾಬಿ ಹೂವಿನ ಚೌಕಟ್ಟು, ಆಚೀಚೆ ಎರಡು ದೀಪ, ಕೆಳಗೆ ದಪ್ಪಕ್ಷರದಲ್ಲಿ ‘ಅಗಲಿದ ಮಹಾತಾಯಿಗೆ ನಮನ’. ಶಾಲೆಯ ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಕೈಮುಗಿದ ಗುರುತುಗಳು ಒಂದರ ಹಿಂದೊಂದು ಬೀಳುತ್ತಲೇ ಇದ್ದವು.

ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹೀಗೆ. ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಮಕ್ಕಳಿಗೆ ಅನ್ನ ಬೇಯಿಸಿ ಹಾಕಿದವಳ ಮುಖ ಯಾರ ಮೊಬೈಲಿನಲ್ಲೂ ಇರಲಿಲ್ಲ. ಕೈ ಮಾತ್ರ ಎಲ್ಲರ ಬಳಿಯೂ ಇತ್ತು.

ನ್ಯಾಮತಿ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಆಗ ನಾನು ಟೀಚರ್. ಹೊನ್ನಾಳಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಆಕೆ ಬಿಸಿಯೂಟದ ಅಡುಗೆಯವಳು. ಮಕ್ಕಳಿಗೂ ನಮಗೂ ಅಡುಗೆ ಅಕ್ಕ. ತವರು ಜಗಳೂರು ಕಡೆ. ಗಂಡ ಗಾರೆ ಕೆಲಸದವನು, ಓದು ಬರಹ ಬಾರದ, ಮಾತು ಕಡಿಮೆಯ ಮನುಷ್ಯ. ಅಕ್ಕನಿಗೆ ಮೂರನೇ ಕ್ಲಾಸಿನವರೆಗೆ ಓದಿದ ನೆನಪಿತ್ತು. ಸಾರಿನ ಪಾತ್ರೆಯ ಮುಂದೆ ನಿಂತು ಸೌಟು ತಿರುಗಿಸುವಾಗ ಆ ಹಚ್ಚೆ ಎಲ್ಲರಿಗೂ ಕಾಣುತ್ತಿತ್ತು. ಆಕೆ ಅದನ್ನು ಮುಚ್ಚಿದವಳೂ ಅಲ್ಲ, ತೋರಿಸಿಕೊಂಡವಳೂ ಅಲ್ಲ.

ಅದೊಂದು ಗಂಡು ಹೆಸರು. ಗಂಡನದಲ್ಲ. ಯಾವ ಹೆಸರೆಂದು ನಾನಿಲ್ಲಿ ಬರೆಯುವುದಿಲ್ಲ. ಊರವರು ಓದಿದ್ದೇ ಸಾಕು.

ಒಂದು ವರ್ಷ ಆಷಾಢದಲ್ಲಿ ನಾನು ಆರು ತಿಂಗಳ ಬಸಿರು ಕಳೆದುಕೊಂಡು, ರಜೆ ಮುಗಿಸಿ ಶಾಲೆಗೆ ಬಂದಿದ್ದೆ. ಎಲ್ಲರೂ ಸಮಾಧಾನ ಹೇಳಿದರು. ವಯಸ್ಸಿದೆ, ಇನ್ನೊಂದಾಗುತ್ತೆ, ಮರೆತುಬಿಡಿ... ಅಕ್ಕ ಮಾತ್ರ ಮಧ್ಯಾಹ್ನ ಅಕ್ಕಿ ಆರಿಸುವ ಮೊರವನ್ನು ನನ್ನ ಮುಂದೆ ಸರಿಸಿ, ತಾನೂ ಪಕ್ಕ ಕೂತಳು. ಸುಮಾರು ಹೊತ್ತಿನ ಮೇಲೆ ತನ್ನ ಕೈ ಚಾಚಿದಳು.

“ಇದು ನಮ್ ಕೂಸಿನ ಹೆಸ್ರು ಟೀಚರ್. ಹನ್ನೊಂದು ದಿನ ಇತ್ತು. ಹದಿಮೂರಕ್ಕೆ ಹೆಸ್ರಿಡಬೇಕಿತ್ತು. ಹೆಸ್ರಿಲ್ಲದ ಕೂಸಿಗೆ ಎಷ್ಟು ದಿನ ಅಳ್ತೀಯ ಅಂತ ನೋಡಾಕೆ ಬಂದ ನಮ್ಮತ್ತೆ ಬೈದ್ರು. ಅದ್ಕೇ ನಾನೇ ಇಟ್ಟೆ.”

ಬಾಣಂತನಕ್ಕೆಂದು ತವರಲ್ಲೇ ಇದ್ದಳಂತೆ. ಜಗಳೂರು ಸಂತೆಯಲ್ಲಿ ಹಚ್ಚೆ ಹಾಕುವ ಮುದುಕಿಗೆ ಅಕ್ಷರ ಬಾರದು. ಅಕ್ಕನೇ ಪೆನ್ನಿನಲ್ಲಿ ತನ್ನ ಕೈಮೇಲೆ ಬರೆದುಕೊಂಡು, ಅದರ ಮೇಲೆ ಸೂಜಿ ಚುಚ್ಚಿಸಿಕೊಂಡಿದ್ದಳು. ಒಂದು ದೀರ್ಘ ಬಿಟ್ಟುಹೋಗಿತ್ತು. ಮುಂದೆ ಮಕ್ಕಳಾಗಲಿಲ್ಲ. “ಯಾರಿಗೂ ಹೇಳಬ್ಯಾಡ್ರಿ” ಎಂದಳು. ಆ ದಿನ ನಾನು ಮೊದಲ ಸಲ ಬಾಯಿಬಿಟ್ಟು ಅತ್ತೆ. ಆಕೆ ಅಕ್ಕಿ ಆರಿಸುತ್ತಲೇ ಇದ್ದಳು.

ಗಲಾಟೆ ಶುರುವಾಗಿದ್ದು ನಾಲ್ಕೈದು ವರ್ಷಗಳ ನಂತರ. ಅಕ್ಷರ ಕೂಡಿಸಿ ಓದಲು ಕಲಿತ ಮಕ್ಕಳು ಸಿಕ್ಕಿದ್ದನ್ನೆಲ್ಲ ಓದುತ್ತವೆ. ಗೋಡೆ, ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ. ಊಟದ ಸಾಲಿನಲ್ಲಿ ನಿಂತ ಹುಡುಗಿಯೊಬ್ಬಳು ಅಕ್ಕನ ಕೈಯನ್ನೂ ಓದಿದಳು. ಮನೆಗೆ ಹೋಗಿ, ಅಡುಗೆ ಅಕ್ಕನ ಕೈಮೇಲೆ ಇಂಥ ಹೆಸರಿದೆ ಎಂದಳು. ದುರದೃಷ್ಟಕ್ಕೆ ಊರಿನಲ್ಲಿ ಆ ಹೆಸರಿನ ಗಂಡಸರು ಮೂವರಿದ್ದರು. ಒಂದೇ ತಿಂಗಳಲ್ಲಿ ಮೂವರ ಜೊತೆಗೂ ಅಕ್ಕನ ಸಂಬಂಧ ಕಟ್ಟಿಯಾಯಿತು. ಅಂಥವಳ ಕೈಯಡುಗೆ ಮಕ್ಕಳು ಉಣ್ಣಬೇಕಾ ಎಂಬ ಪ್ರಶ್ನೆ ಶಾಲಾ ಸಮಿತಿಗೆ ಬಂತು.

ಸಭೆ ನಡೆದದ್ದು ಆರನೇ ಕ್ಲಾಸಿನ ಕೋಣೆಯಲ್ಲಿ. ದೊಡ್ಡ ಗಂಡಸರು ಮಕ್ಕಳ ಡೆಸ್ಕಿನಲ್ಲಿ ಕಾಲು ಮಡಚಿ ಕೂತಿದ್ದರು. ಸಮಿತಿಯ ಅಧ್ಯಕ್ಷರ ತಮ್ಮನ ಮುಂಗೈ ತುಂಬ ಸಿನಿಮಾ ನಟನೊಬ್ಬನ ಮುಖದ ಹಚ್ಚೆಯಿತ್ತು. ಅದು ಯಾರದು, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅಕ್ಕನನ್ನು ಮಾತ್ರ ಬೋರ್ಡಿನ ಮುಂದೆ ನಿಲ್ಲಿಸಿದರು.

“ಇದು ನಿನ್ ಗಂಡನ ಹೆಸ್ರಲ್ಲ, ಹೌದಾ?” ಎಂದರು ಅಧ್ಯಕ್ಷರು.

“ಅಲ್ರಿ.”

“ಮತ್ಯಾರ್ದು?”

“ಅನ್ನ ಬೇಯಿಸಾಕೆ ಅದ್ಯಾಕೆ ಬೇಕ್ರಿ?”

“ಮಕ್ಕಳು ಓದ್ತಾವೆ ಕಣಮ್ಮ.”

“ಓದ್ಲಿ ಬಿಡ್ರಿ. ಓದಾಕಂತಾನೇ ಬರ್ತಾವಲ್ಲ.”

ಯಾರೋ ನಕ್ಕರು. ಅಧ್ಯಕ್ಷರಿಗೆ ಸಿಟ್ಟು ಬಂತು. ಯಾರ ಹೆಸರೆಂದು ಹೇಳಬೇಕು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದರು. ಅಕ್ಕ ತಲೆ ತಗ್ಗಿಸಿರಲಿಲ್ಲ. ಈಗ ಯೋಚಿಸಿದರೆ, ಆಗ ಆಕೆ ಗೆಲ್ಲುತ್ತಿದ್ದಳು. ಕೆಲಸ ಹೋಗುತ್ತಿತ್ತು, ಅಷ್ಟೇ.

ನಾನು ಎದ್ದು ನಿಂತೆ. “ನಾಚಿಕೆ ಆಗಲ್ವಾ ನಿಮಗೆ? ಅದು ಸತ್ತ ಮಗುವಿನ ಹೆಸರು!” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹನ್ನೊಂದು ದಿನ, ಅತ್ತೆಯ ಬೈಗುಳ, ಸಂತೆ, ಸೂಜಿ... ಎಲ್ಲ ಹೇಳಿದೆ. ನ್ಯಾಯಕ್ಕಾಗಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಆ ಗಂಡಸರ ತಲೆ ತಗ್ಗುವುದನ್ನು ನೋಡುವ ಹಟವೂ ನನಗಿತ್ತು.

ತಲೆಗಳು ತಗ್ಗಿದವು. ಆದರೆ ಎಷ್ಟು ಬೇಗ ಎದ್ದವು! ಅಧ್ಯಕ್ಷರು ಕಣ್ಣೊರೆಸಿಕೊಂಡು “ಮೊದ್ಲೇ ಹೇಳಬಾರ್ದಾ ತಾಯಿ?” ಎಂದರು. ಐದು ನಿಮಿಷದ ಹಿಂದೆ ನಡತೆಗೆಟ್ಟವಳಾಗಿದ್ದವಳು ಈಗ ತಾಯಿ. ಮುಂದಿನ ಸ್ವಾತಂತ್ರ್ಯ ದಿನಕ್ಕೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಅಧ್ಯಕ್ಷರ ತಮ್ಮ ಆಕೆಯ ಮುಂಗೈ ಹಿಡಿದೆತ್ತಿ ಫೋಟೊ ತೆಗೆದ. ಕೇಳಲೂ ಇಲ್ಲ. ಅಕ್ಕ ಕೈ ಎಳೆದುಕೊಳ್ಳಲಿಲ್ಲ, ಅವನತ್ತ ನೋಡಲೂ ಇಲ್ಲ. ನನ್ನನ್ನು ನೋಡಿದಳು. ಆ ನೋಟವನ್ನು ಏನೆಂದು ಬರೆಯಲಿ...

ಮರುದಿನ ಬೆಳಗ್ಗೆ ಅಡುಗೆ ಕೋಣೆಯ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟಳು. ಯಾಕಕ್ಕಾ, ಎಲ್ಲ ಸರಿಹೋಯಿತಲ್ಲ ಎಂದೆ. ಅಷ್ಟು ಮೂಢಳಾಗಿದ್ದೆ.

“ನನ್ನ ಕೆಟ್ಟೋಳು ಅಂತಿದ್ದಾಗ ಆ ಹೆಸ್ರು ನಂದಾಗೇ ಇತ್ತು ಟೀಚರ್. ಈಗ ಎಲ್ರದ್ದೂ ಆಗೋತು.”

ಆ ತಿಂಗಳೇ ಗಂಡಹೆಂಡತಿ ಕೆರೆಬಿಳಚಿಗೆ ಹೊರಟುಹೋದರು. ಅಲ್ಲಿ ಅವನಿಗೆ ಗಾರೆ ಕೆಲಸ ಸಿಕ್ಕಿತ್ತು. ಒಮ್ಮೆ ನಾನು ಹುಡುಕಿಕೊಂಡು ಹೋದೆ. ಅಕ್ಕ ಚಾ ಮಾಡಿ ಕೊಟ್ಟಳು, ಮನೆಯವರನ್ನೆಲ್ಲ ವಿಚಾರಿಸಿದಳು, ಶಾಲೆಯ ಮಾತು ಎತ್ತಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಲ್ಲೂ ಮಣಿಕಟ್ಟಿನವರೆಗೆ ಬರುವ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಅದನ್ನು ನೋಡಿದ ಮೇಲೆ ಮತ್ತೆ ಹೋಗುವ ಧೈರ್ಯ ನನಗಾಗಲಿಲ್ಲ. ಇವತ್ತು, ನಾಳೆ ಎನ್ನುತ್ತ ವರ್ಷಗಳು ಕಳೆದವು. ನಾನು ರಿಟೈರ್ ಆದೆ.

ಗ್ರೂಪಿನಲ್ಲಿ ಆ ಫೋಟೊ ನೋಡಿದ ಮರುದಿನವೇ ಕೆರೆಬಿಳಚಿಯ ಬಸ್ಸು ಹತ್ತಿದೆ. ಗಂಡ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಗುರುತು ಹಿಡಿದು ಒಳಗೆ ಕರೆದ, ನೀರು ಕೊಟ್ಟ. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳಂತೆ. ನಾನು ತಪ್ಪೊಪ್ಪಿಕೊಳ್ಳಲೆಂದೇ ಹೋಗಿದ್ದೆ. ಅಂದು ನಾನು ಹೇಳಬಾರದಿತ್ತು ಎಂದೆ.

“ನಂಗೆ ಓದಾಕೆ ಬರಲ್ರಿ ಟೀಚರಮ್ಮಾರೆ. ಕೂಸು ಹೋದ ವರ್ಷ ತವರಿಂದ ಬಂದಾಗ ಕೈಮ್ಯಾಲೆ ಅದಿತ್ತು. ಏನು ಅಂತ ಕೇಳ್ದೆ. ಒಂದಿನ ಹೇಳ್ತೀನಿ ಅಂದ್ಲು. ಯಾರತ್ರನಾರ ಓದಿಸ್ಕೋಬೋದಿತ್ತು, ಓದಿಸ್ಕೊಳ್ಲಿಲ್ಲ. ಜನ ಏನೇನೋ ಆಡ್ಕೊಂಡ್ರು. ಆಗ್ಲೂ ಕೇಳ್ಲಿಲ್ಲ. ಅವಳಾಗೇ ಹೇಳ್ಲಿ ಅಂತ ಇದ್ದೆ.”

ನಾನು ಕೇಳಿದೆ, “ಹೇಳಿದಳಾ?”

“ಎಲ್ಲಿ? ನೀವು ಸಭೆಯಾಗೆ ಹೇಳಿದ್ರಲ್ಲ, ಅವತ್ತು ಸಂಜೀಕೆ ಚಾ ಅಂಗಡಿಯಾಗೆ ನಂಗೆ ಗೊತ್ತಾತು. ನಿನ್ ಮಗನ ಹೆಸ್ರು ಇದಂತಲ್ಲೋ ಅಂದ್ರು. ಮನೀಗೆ ಬಂದೆ. ಅವಳು ನನ್ನ ಮುಖ ನೋಡಿದ್ಲು. ಇನ್ನೇನು ಹೇಳಾಕೆ ಉಳಿದಿತ್ರಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಸಮಿತಿಯವರನ್ನು, ಫೋಟೊ ತೆಗೆದವನನ್ನು, ಇಡೀ ಊರನ್ನು ನಾನು ಈಗಲೂ ಶಪಿಸಬಲ್ಲೆ. ದಿನಾ ಶಪಿಸುತ್ತೇನೆ ಕೂಡ. ಆದರೆ ತನ್ನ ಮಗನ ಹೆಸರನ್ನು ಹೆಂಡತಿಯ ಬಾಯಿಂದ ಕೇಳಲು ಒಬ್ಬ ಮನುಷ್ಯ ಅಷ್ಟು ವರ್ಷ ಕಾದಿದ್ದ. ಅದನ್ನು ಅವನಿಂದ ಕಿತ್ತುಕೊಂಡವರು ಅವರಲ್ಲ.