ನಮ್ಮತ್ತೆ ಸರಸ್ವತಮ್ಮನ ಜಡೆ

ಮಾವಳ್ಳಿಯಲ್ಲಿ ನಮ್ಮತ್ತೆಯ ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಉದ್ದ ಜಡೆ ಸರಸ್ವತಮ್ಮ’ ಅಂದರೆ ಮಾತ್ರ ಮೂಲೆ ಅಂಗಡಿಯವರು ಎದ್ದು ಬಂದು ಮನೆ ತೋರಿಸುತ್ತಿದ್ದರು. ಈಗ ಆ ಜಡೆ ಇಲ್ಲ. ಅದು ಹೇಗೆ ಹೋಯಿತೆಂಬ ಕಥೆಯನ್ನು ನಾನು ನಾಲ್ಕಾರು ಜನಕ್ಕೆ ಹೇಳಿದ್ದೇನೆ, ಪ್ರತಿ ಸಲವೂ ನನ್ನ ಪಾಲನ್ನು ಬಿಟ್ಟು ಹೇಳಿದ್ದೇನೆ. ಇಲ್ಲಿ ಬಿಡದೆ ಹೇಳುತ್ತೇನೆ.

ಅತ್ತೆ ಮಾಗಡಿ ಕಡೆಯ ಹಳ್ಳಿಯವರು. ಹತ್ತೊಂಬತ್ತಕ್ಕೆ ಮದುವೆಯಾಗಿ ಲಾಲ್‌ಬಾಗಿನ ಗೋಡೆಗೆ ಹತ್ತಿರದ ಈ ಮನೆಗೆ ಬಂದರು. ಆಗ ಅವರ ಜಡೆ ನಿಜವಾಗಿಯೂ ಮಂಡಿ ಮುಟ್ಟುತ್ತಿತ್ತು. ಮದುವೆ ಫೋಟೋದಲ್ಲಿ ಜಡೆಯನ್ನು ಮುಂದಕ್ಕೆ ಹಾಕಿಸಿ ಕೂರಿಸಿದ್ದಾರೆ. ಮಾವ ಮುನಿಸ್ವಾಮಿಯವರು ಪಕ್ಕದಲ್ಲಿ, ತಮ್ಮನ್ನು ಯಾರೂ ನೋಡುವುದಿಲ್ಲವೆಂದು ಗೊತ್ತಿರುವವರ ಹಾಗೆ ನಿಂತಿದ್ದಾರೆ. ಗುರುವಾರ ಸಂಜೆ ಎಣ್ಣೆ, ಶುಕ್ರವಾರ ಬೆಳಿಗ್ಗೆ ಸೀಗೇಕಾಯಿ. ಎಣ್ಣೆ ಮಾಡುವುದನ್ನು ಅವರ ತಾಯಿ ಮಾರಕ್ಕ ಕಲಿಸಿದ್ದರು. ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪು, ಕರಿಬೇವು, ಕೆಂಪು ದಾಸವಾಳ, ಒಂದು ಹಿಡಿ ಮೆಂತ್ಯ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಸೊಪ್ಪು ಗರಿಗರಿಯಾದಾಗ ಇಳಿಸಿ ಹಳೆ ಪಂಚೆಯಲ್ಲಿ ಸೋಸಬೇಕು.

ಮಾರಕ್ಕ ಇನ್ನೊಂದು ಪಾಠವನ್ನೂ ಹೇಳಿದ್ದರು. ಬಾಚುವಾಗ ಉದುರಿದ ಕೂದಲನ್ನು ಬೀದಿಗೆ ಎಸೆಯಬಾರದು, ಯಾರಾದರೂ ತುಳಿಯುತ್ತಾರೆ, ಇಲ್ಲವೇ ಮಾಟ ಮಾಡಿಸುತ್ತಾರೆ. ಬೆರಳಿಗೆ ಸುತ್ತಿ ಉಂಡೆ ಮಾಡಿ ಎತ್ತಿಡಬೇಕು. ನಮ್ಮ ಬೀದಿಯ ಬೇರೆ ಹೆಂಗಸರು ಅಂಥ ಉಂಡೆಗಳನ್ನು ಕೂದಲು ಕೊಳ್ಳಲು ಬರುವವನಿಗೆ ಕೊಟ್ಟು ಸ್ಟೀಲ್ ಲೋಟ ತೆಗೆದುಕೊಳ್ಳುತ್ತಿದ್ದರು. ಅತ್ತೆ ಕೊಡಲಿಲ್ಲ. “ನನ್ ಕೂದ್ಲು ಕೊಟ್ಟು ಬಂದಿರೋ ಲೋಟದಲ್ಲಿ ನಾನೇ ಕಾಫಿ ಕುಡೀಲಾ?” ಅನ್ನುತ್ತಿದ್ದರಂತೆ. ಉಂಡೆಗಳೆಲ್ಲ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಕ್ಕೆ ಸೇರಿದವು.

ನನ್ನ ಗಂಡ ಮನೋಹರ್ ಹುಟ್ಟಿದ ಮೇಲೆ ಅತ್ತೆಯ ಕೂದಲು ಒಂದಿಷ್ಟು ಹೋಯಿತು. ಥೈರಾಯ್ಡ್ ಬಂದ ಮೇಲೆ ಉಳಿದದ್ದೂ ಹೋಯಿತು. ಎಣ್ಣೆಯನ್ನೇನು ಅವರು ಒಂದು ವಾರವೂ ತಪ್ಪಿಸಿರಲಿಲ್ಲ. ನಲವತ್ತೈದು ತುಂಬುವ ಹೊತ್ತಿಗೆ ಜಡೆ ಕಿರುಬೆರಳಿನ ಗಾತ್ರಕ್ಕೆ ಇಳಿಯಿತು. ಆಗ ಡಬ್ಬ ಎತ್ತಿಕೊಂಡು ಚಿಕ್ಕಪೇಟೆಯ ಗಲ್ಲಿಯಲ್ಲಿ ಚೌರಿ ಕಟ್ಟುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಹೋದರು. ಇಪ್ಪತ್ತೈದು ವರ್ಷದ ಉಂಡೆಗಳನ್ನು ಆ ಮುದುಕಿ ಬಿಡಿಸಿ, ತೊಳೆದು, ಎಳೆಗೆ ಎಳೆ ಕೂಡಿಸಿ ಉದ್ದನೆಯ ಚೌರಿ ಕಟ್ಟಿಕೊಟ್ಟಳು.

ನಾನು ಸೊಸೆಯಾಗಿ ಬಂದ ಎರಡನೇ ವಾರದಿಂದ ಅದನ್ನು ಜೋಡಿಸುವುದು ನನ್ನ ಕೆಲಸವಾಯಿತು. ಬೆಳಿಗ್ಗೆ ಬಾಗಿಲು ಮುಂದೆ ಮಾಡಿ ಅತ್ತೆ ನೆಲದ ಮೇಲೆ ಕೂರುತ್ತಿದ್ದರು, ನಾನು ಹಿಂದೆ ಮಣೆಯ ಮೇಲೆ. ಅವರ ಕೂದಲಿಗೆ ಚೌರಿ ಸೇರಿಸಿ, ಮೂರು ಕಾಲು ಮಾಡಿ ಹೆಣೆದು, ಸೇರಿದ ಜಾಗಕ್ಕೆ ಒಂದು ತುಂಡು ಕನಕಾಂಬರ ಮುಡಿಸಿದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಮೇಲಿನ ನರೆಗೆ ತಿಂಗಳಿಗೊಮ್ಮೆ ಡೈ. ಇದರಲ್ಲಿ ಯಾರಿಗೂ ಮೋಸವಿರಲಿಲ್ಲ. ಹೆಂಗಸರು ಚೌರಿ ಹಾಕುವುದು ಇವತ್ತಿನದೇನೂ ಅಲ್ಲ.

ಮೋಸ ಶುರುವಾದದ್ದು ಲಾಲ್‌ಬಾಗಿನ ಬೆಂಚಿನ ಮೇಲೆ. ವಾಕಿಂಗಿಗೆ ಬಂದ ಯಾರೋ ಹೆಂಗಸು, “ಏನ್ ಹಚ್ತೀರಾ ತಲೆಗೆ?” ಎಂದು ಕೇಳಿದರಂತೆ. “ಮನೇಲೇ ಕಾಯ್ಸಿದ್ ಎಣ್ಣೆ,” ಅಂದರಂತೆ ಅತ್ತೆ. ಸುಳ್ಳಲ್ಲ. ಮರುದಿನ ಆ ಹೆಂಗಸು ಬಾಟಲಿ ಹಿಡಿದು ಬಂದರು, ಮುಂದಿನ ವಾರ ಅವರ ನಾದಿನಿ ಬಂದರು. ಅತ್ತೆ ಬೇಡವೆನ್ನಲಾರದೆ ಕಾಯಿಸಿದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು, ಕೇಳದ್ದನ್ನು ಹೇಳದೆ ಇದ್ದರು.

ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ನಿಲ್ಲಿಸದವಳು ನಾನು. ಅವೆನ್ಯೂ ರಸ್ತೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ ನಾನು ಬಿಲ್ ಬರೆಯುತ್ತೇನೆ, ಲೇಬಲ್ ಅಚ್ಚು ಹಾಕುವವರೆಲ್ಲ ನನಗೆ ಪರಿಚಯ. ಎಣ್ಣೆ ಬಾಟಲಿಗೆ ಲೇಬಲ್ ಅಂಟಿಸಿ ಮಾರೋಣವೆಂದು ಅತ್ತೆಯನ್ನು ಮಹಡಿಯ ಮೇಲೆ ನಿಲ್ಲಿಸಿ ಬೆನ್ನ ಕಡೆಯಿಂದ ಫೋಟೋ ತೆಗೆದೆ. ಹಸಿರು ಸೀರೆ, ಅದರ ಮೇಲೆ ಮಂಡಿಯವರೆಗೆ ಜಡೆ.

“ಜಡೆ ಯಾಕಮ್ಮಾ? ದಾಸವಾಳದ ಹೂ ಹಾಕ್ಸು,” ಅಂದರು ಅತ್ತೆ.

“ದಾಸವಾಳ ನೋಡಿ ಯಾರ್ ತಗೋತಾರೆ ಅತ್ತೆ? ನಿಮ್ ಕೂದ್ಲೇ ತಾನೆ, ಕದ್ದು ತಂದಿದ್ದಾ?” ಅಂದೆ. ನನ್ನ ಬಾಯಿಗೆ ಹೆದರಿ ಸುಮ್ಮನಾಗುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ರೂಢಿ.

ಆಮೇಲೆ ನಾನು ಪಂಡಿತೆಯಾದೆ. ಫೋನಿನಲ್ಲಿ ಹತ್ತು ವಿಡಿಯೋ ನೋಡಿದ್ದೆ, ಅಷ್ಟೇ ನನ್ನ ವಿದ್ಯೆ. ಬಂದವರು ತಮ್ಮ ಶಾಂಪೂ, ಸೀರಮ್, ಈರುಳ್ಳಿ ಎಣ್ಣೆಗಳನ್ನೆಲ್ಲ ಚೀಲದಿಂದ ತೆಗೆದು ನನ್ನ ಮುಂದೆ ಇಡುತ್ತಿದ್ದರು. ನಾನು ಒಂದೊಂದನ್ನೂ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿದವಳಂತೆ ಮುಖ ಮಾಡಿ, ಇದು ಬೇಡ, ಇದು ವಾರಕ್ಕೊಂದು ಸಲ, ಇದನ್ನ ಬಿಸಾಕಿ ಅನ್ನುತ್ತಿದ್ದೆ. ಗುಂಗುರು ಕೂದಲನ್ನು ಒಣಗಿದಾಗ ಬಾಚಬೇಡಿ ಅಂದದ್ದೊಂದು ಸರಿಯಿತ್ತು. ಉಳಿದದ್ದು ದೇವರಿಗೇ ಗೊತ್ತು. ಕೊನೆಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಮಾತು: “ನಮ್ಮತ್ತೆ ಜಡೆ ನೋಡಿ.” ಎಲ್ಲರೂ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅತ್ತೆ ಕನಕಾಂಬರ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹೋದ ವರ್ಷ ಆಷಾಢದಲ್ಲಿ ಶ್ರೀವಿದ್ಯಾ ಎಂಬ ಮೇಡಂ ಬಸವನಗುಡಿಯಿಂದ ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಜೊತೆಗೆ ಮಗಳು ಆರಾಧನಾ, ಕಾಲೇಜಿಗೆ ಹೊಸದಾಗಿ ಸೇರಿದವಳು. ದಟ್ಟ ಗುಂಗುರು ಕೂದಲು, ಎರಡು ಕೈಯಲ್ಲೂ ಹಿಡಿಯಲಾರದಷ್ಟು. ಕಿವಿಯ ಹಿಂದೆ ಕೂದಲು ಎತ್ತಿ ತೋರಿಸಿದಾಗ ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿತ್ತು. ಹುಡುಗಿ ಚಾಪೆಯ ಮೇಲೆ ಕೂತು, ಲೇಬಲ್ಲಿನ ಚಿತ್ರವನ್ನೂ ಅತ್ತೆಯ ಬೆನ್ನನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು.

“ಸ್ಕಿನ್ ಡಾಕ್ಟ್ರು ಹಚ್ಚೋಕೆ ಔಷಧಿ ಕೊಟ್ಟಿದಾರೆ, ತಿಂಗಳಾಯ್ತು. ನಂಗ್ಯಾಕೋ ಭಯ, ಅದ್ರಿಂದ ಇನ್ನೇನಾದ್ರೂ ಆದ್ರೆ?” ಅಂದರು ಮೇಡಂ.

“ಡಾಕ್ಟ್ರು ಕೊಟ್ಟಿದಾರೆ ಅಂದ್ರೆ...” ಎಂದು ಅತ್ತೆ ಶುರು ಮಾಡಿದರು. ಅವರು ಮಾತು ಮುಗಿಸುವ ಮೊದಲೇ ನಾನು ಬಾಯಿ ಹಾಕಿದೆ.

“ಎರಡೂ ಒಟ್ಟಿಗೆ ಹಚ್ಚಿದ್ರೆ ಯಾವ್ದೂ ಹಿಡಿಯಲ್ಲ ಮೇಡಂ. ಔಷಧಿ ನಿಲ್ಸಿಬಿಡಿ. ಮೂರ್ ತಿಂಗ್ಳು ಇದೊಂದೇ ಹಚ್ಚಿ. ನಮ್ಮತ್ತೆ ಜಡೆ ನೋಡಿ, ಇವ್ರು ಯಾವ್ ಡಾಕ್ಟ್ರ ಹತ್ರ ಹೋಗಿದ್ರು?”

ಪ್ರತಿ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯನ್ನು ಅತ್ತೆಯ ಕೈಗೆ ಕೊಡುತ್ತಿದ್ದವಳು ನಾನೇ. ಆದರೂ ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಅವರು ಹೋದ ಮೇಲೆ ಅತ್ತೆ, “ಔಷಧಿ ಬಿಡು ಅನ್ಬಾರ್ದಿತ್ತು ಕಣಮ್ಮಾ,” ಅಂದರು. “ಬಂದೋರನ್ನ ವಾಪಸ್ ಕಳಿಸ್ಬೇಕಿತ್ತಾ? ಹಾಗಾದ್ರೆ ನಾಳೆಯಿಂದ ನೀವೇ ಮಾತಾಡಿ,” ಎಂದು ರೇಗಿದೆ. ಅವರು ಆಮೇಲೆ ಆ ಮಾತು ಎತ್ತಲಿಲ್ಲ.

ದೀಪಾವಳಿಗೆ ಮೊದಲ ಭಾನುವಾರ ಆರಾಧನಾ ಒಬ್ಬಳೇ ಬಂದಳು. ತಲೆಗೆ ದುಪಟ್ಟಾ ಸುತ್ತಿದ್ದಳು. ನಮ್ಮ ಜಗಲಿಯಲ್ಲಿ ಆಗ ಚಾಮರಾಜಪೇಟೆಯ ಅಂಬುಜಮ್ಮನವರು ಎಣ್ಣೆ ಸೋಸುವುದನ್ನೇ ಕಾಯುತ್ತಾ ಕೂತಿದ್ದರು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು ದುಪಟ್ಟಾ ತೆಗೆದಳು. ಕಿವಿಯ ಹಿಂದಿನ ಬೋಳು ಅಂಗೈಯಷ್ಟಾಗಿತ್ತು, ನೆತ್ತಿಯ ಮೇಲೆ ಇನ್ನೆರಡು ಹೊಸದಾಗಿ ಬಂದಿದ್ದವು. ಉಳಿದ ಗುಂಗುರು ಕೂದಲು ಅವುಗಳ ಸುತ್ತ ಯಾರದೋ ಕೂದಲಿನಂತೆ ನಿಂತಿತ್ತು.

ಅವಳು ಜಗಳಕ್ಕೆ ಬಂದಿರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳ ನನಗೆ ಬರುತ್ತದೆ. ಅತ್ತೆಯ ಎದುರು ಮಂಡಿಯೂರಿ ಕೂತು ಕೇಳಿದಳು, “ಆಂಟಿ, ನಾನು ಒಂದಿನಾನೂ ತಪ್ಸಿಲ್ಲ. ಔಷಧೀನೂ ಮುಟ್ಟಿಲ್ಲ. ನಿಮಗೆ ಎಷ್ಟ್ ತಿಂಗ್ಳಿಗೆ ಬೆಳೆಯೋಕೆ ಶುರುವಾಯ್ತು? ಅಷ್ಟು ಹೇಳಿ, ನಾನು ಕಾಯ್ತೀನಿ.”

ಅತ್ತೆ ಅವಳ ತಲೆಯನ್ನೇ ನೋಡುತ್ತಿದ್ದರು. ನನಗೆ ಆಗಲೂ ಉತ್ತರ ನಾಲಿಗೆಯ ತುದಿಯಲ್ಲಿತ್ತು: ಮೊದಲು ಕೆಟ್ಟ ಕೂದಲೆಲ್ಲ ಉದುರುತ್ತೆ, ಆಮೇಲೆ ಹೊಸದು ಬರುತ್ತೆ. ಹಾಗೆಂದು ಹಿಂದೆ ಮೂರ್ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ನಾಚಿಕೆಯಿಲ್ಲದ ಬಾಯಿ ನನ್ನದು. ಆದರೆ ಅತ್ತೆ ನನ್ನ ಕಡೆ ತಿರುಗಿದರು.

“ಪೂಜಿತಾ, ಬಾಚಣಿಗೆ ತಗೊಂಡ್ ಬಾ.”

ತಂದೆ. ಅವರು ಬೆನ್ನನ್ನು ಹುಡುಗಿಯ ಕಡೆ ಮಾಡಿ ಕೂತರು.

“ಬಿಚ್ಚು,” ಅಂದರು.

“ಅತ್ತೆ, ಒಳಗೆ ಹೋಗೋಣ,” ಅಂದೆ ಮೆಲ್ಲಗೆ. ಅಂಬುಜಮ್ಮನವರು ಜಗಲಿಯಿಂದ ಕತ್ತು ಚಾಚಿ ನೋಡುತ್ತಿದ್ದರು.

“ಇಲ್ಲೇ ಬಿಚ್ಚು.”

ಹನ್ನೊಂದು ವರ್ಷ ಕಣ್ಣು ಮುಚ್ಚಿಕೊಂಡು ಕಟ್ಟಿದ ಕೈ ಅವತ್ತು ಗಂಟು ಬಿಚ್ಚಲು ಒದ್ದಾಡಿತು. ಕನಕಾಂಬರ ತೆಗೆದೆ. ಹೆಣಿಗೆ ಸಡಿಲಿಸಿದೆ. ಚೌರಿ ಕೈಗೆ ಬಂದಾಗ ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅತ್ತೆಯ ಬೆನ್ನ ಮೇಲೆ ಗೇಣುದ್ದದ ಒಂದು ಎಳೆ ಉಳಿದಿತ್ತು, ನೆತ್ತಿಯಲ್ಲಿ ಚರ್ಮ ಕಾಣುತ್ತಿತ್ತು. ಅವರು ಕೈ ಹಿಂದೆ ಚಾಚಿ ನನ್ನಿಂದ ಚೌರಿ ತೆಗೆದುಕೊಂಡು, ಹುಡುಗಿಯ ಕಡೆ ತಿರುಗಿ ಅವಳ ಮಡಿಲಿಗೆ ಇಟ್ಟರು.

“ಇದು ನಂದೇ ಕೂದ್ಲು ಕಣಮ್ಮಾ,” ಅಂದರು. “ಆದ್ರೆ ಬೆಳೆದಿದ್ದಲ್ಲ, ಉದುರಿದ್ದು. ಇದೇ ಎಣ್ಣೆ ಹಚ್ಕೊಂಡೇ ಉದುರಿದ್ದು.”

ಆರಾಧನಾ ಆ ಜಡೆಯನ್ನು ಮುಟ್ಟಲಿಲ್ಲ, ತಳ್ಳಲೂ ಇಲ್ಲ.

“ಔಷಧಿ ಬಿಡು ಅಂದಿದ್ದು ನಂದೇ ತಪ್ಪು,” ಎಂದು ಅತ್ತೆ ಮುಂದುವರಿಸಿದರು. “ನಡಿ, ನಿಮ್ಮಮ್ಮನ ಹತ್ರ ನಾನೇ ಬಂದು ಹೇಳ್ತೀನಿ. ನಾಳೇನೇ ಡಾಕ್ಟ್ರ ಹತ್ರ ಹೋಗಿ.”

ಆಗ ಹುಡುಗಿ ತಲೆಯೆತ್ತಿ ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಬಾಚಣಿಗೆಯ ಹಲ್ಲಿನಲ್ಲಿ ಸಿಕ್ಕಿದ ಕೂದಲನ್ನು ಬಿಡಿಸತೊಡಗಿದೆ. ಹೇಳಿದವಳು ನಾನು ಎಂಬ ಮಾತನ್ನು ಆಡಲಿಲ್ಲ. ಮನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ನನ್ನ ಬಾಯಿ ಅವತ್ತೊಂದು ದಿನ ತಾನೇ ಮುಚ್ಚಿಕೊಂಡಿತು.

ಅತ್ತೆ ಆ ಗೇಣುದ್ದದ ಕೂದಲನ್ನೇ ಗಂಟು ಹಾಕಿಕೊಂಡು, ತಲೆಗೆ ಸೆರಗನ್ನೂ ಹೊದೆಯದೆ, ಹುಡುಗಿಯ ಜೊತೆ ಬಸವನಗುಡಿಗೆ ಹೊರಟರು. “ನೀನೂ ಬರ್ತೀಯಾ?” ಎಂದು ಕೇಳಿದರು. “ಒಲೆ ಮೇಲೆ ಅನ್ನ ಇದೆ,” ಅಂದೆ. ಅನ್ನ ಆಗಲೇ ಆಗಿತ್ತು.

ಮೇಡಂ ಮನೆಯಲ್ಲಿ ಏನಾಯಿತೆಂದು ಅತ್ತೆ ಹೇಳಲಿಲ್ಲ. ವಾಪಸ್ ಬಂದಾಗ ಅವರ ಕಣ್ಣು ಕೆಂಪಾಗಿತ್ತು, ಊಟ ಬೇಡ ಅಂದರು. ಮರುದಿನ ಬೆಳಿಗ್ಗೆ ನಾನು ಮಣೆ ಹಾಕಿದರೆ ಅವರು ಬಂದು ಕೂರಲಿಲ್ಲ. ಚೌರಿ ಬಿಸ್ಕತ್ತಿನ ಡಬ್ಬಕ್ಕೆ ಹೋಯಿತು. ಲೇಬಲ್ಲುಗಳ ಕಟ್ಟನ್ನು ಅವರೇ ನೀರೊಲೆಗೆ ಹಾಕಿದರು. ಅಂಬುಜಮ್ಮನವರ ಕೃಪೆಯಿಂದ ಸುದ್ದಿ ನಾವು ಹೇಳುವ ಮೊದಲೇ ಚಾಮರಾಜಪೇಟೆ ದಾಟಿತ್ತು. ಲಾಲ್‌ಬಾಗಿನ ಬೆಂಚಿನಲ್ಲಿ ಇಬ್ಬರು ಅತ್ತೆಗೆ ಜಾಗ ಬಿಡಲಿಲ್ಲವಂತೆ. ಅತ್ತೆ ಪಕ್ಕದ ಬೆಂಚಿನಲ್ಲಿ ಕೂತು ಬಂದರು, ವಾಕಿಂಗ್ ಬಿಡಲಿಲ್ಲ. ಈಗಲೂ ಐದಾರು ಜನ ಎಣ್ಣೆಗೆ ಬರುತ್ತಾರೆ. “ತಲೆ ತಂಪಾಗುತ್ತೆ, ಕೂದ್ಲು ಮೆತ್ತಗಾಗುತ್ತೆ. ಬೆಳೆಸಲ್ಲ,” ಎಂದು ಮೊದಲೇ ಹೇಳಿ, ತಮ್ಮ ನೆತ್ತಿಯನ್ನು ಬಗ್ಗಿಸಿ ತೋರಿಸಿ ಕೊಡುತ್ತಾರೆ. ನಾನು ಅಡುಗೆಮನೆಯಿಂದ ಈಚೆ ಬರುವುದಿಲ್ಲ.

ಹೋದ ತಿಂಗಳು ಆರಾಧನಾ ಬಂದಳು. ಗುಂಗುರು ಕೂದಲನ್ನೆಲ್ಲ ತೆಗೆಸಿ ಗಿಡ್ಡ ಮಾಡಿಸಿದ್ದಳು. ಔಷಧಿ ಮತ್ತೆ ಶುರುವಾಗಿ ಆರು ತಿಂಗಳಾಗಿತ್ತು. ನೆತ್ತಿಯ ಎರಡು ಜಾಗದಲ್ಲಿ ಸಣ್ಣಗೆ ಕೂದಲು ಬಂದಿತ್ತು. ಕಿವಿಯ ಹಿಂದಿನದು ಹಾಗೇ ಇತ್ತು, ಅಲ್ಲಿ ಬರುವುದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲವಂತೆ. ಅವಳ ಅಮ್ಮನ ಕಾಲುನೋವಿಗೆ ತಿಕ್ಕಲು ಎಣ್ಣೆ ಬೇಕಿತ್ತು. ಅತ್ತೆ ಮನೆಯಲ್ಲಿರಲಿಲ್ಲ. ನಾನೇ ಬಾಟಲಿ ತೆಗೆದುಕೊಂಡು ತುಂಬಿಸಲು ಕೂತೆ. ಬಾಟಲಿ ತುಂಬಿ ಎಣ್ಣೆ ಕೊರಳಿನಿಂದ ಹೊರಗೆ ಸುರಿಯಿತು. ಅದನ್ನು ಒರೆಸುತ್ತಾ, ಅವಳ ಮುಖ ನೋಡದೆ ಹೇಳಿದೆ.

“ಆರಾಧನಾ, ಅವತ್ತು ಔಷಧಿ ನಿಲ್ಸಿ ಅಂದಿದ್ದು ನಮ್ಮತ್ತೆ ಅಲ್ಲ. ನಾನು.”

“ಗೊತ್ತು ಅಕ್ಕಾ,” ಅಂದಳು. “ನಾನು ಇಲ್ಲೇ ಚಾಪೆ ಮೇಲೆ ಕೂತಿದ್ನಲ್ಲ. ಆಂಟಿ ತಮ್ದೇ ತಪ್ಪು ಅಂದಾಗ ನಿಮ್ಮನ್ನ ನೋಡ್ದೆ. ನೀವು ಹೇಳ್ತೀರೇನೋ ಅಂತ.”

ಬಾಟಲಿಗೆ ಮುಚ್ಚಳ ಹಾಕಿ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ಬರ್ತೀನಿ ಅಕ್ಕಾ ಎಂದು ಹೇಳಿ ಹೋದಳು.