ಮಾತಿಲ್ಲದ ಹಾಡು ಅಂದವರಿಗೆ

ಸಿಂಧನೂರಿನ ಸಂಗೀತ ಉತ್ಸವಕ್ಕೆ ಬಂದಿದ್ದವರೆಲ್ಲ ಈಗ ಒಂದೇ ಕಥೆ ಹೇಳುತ್ತಾರೆ: ಮಸ್ಕಿಯ ಆ ತಂಡ ಕೊನೆಗೊಂದು ಮಾತಿಲ್ಲದ ಹಾಡು ನುಡಿಸಿತು, ಅದು ಅವರ ಹೊಸ ಪ್ರಯೋಗ. ನಾನು ಒಪ್ಪುವುದಿಲ್ಲ. ಆ ಹಾಡಿಗೆ ಮಾತಿತ್ತು. ನಾನೇ ಕೇಳಿದ್ದೇನೆ.

ಉತ್ಸವಕ್ಕೆ ಇನ್ನೂ ಕೆಲವು ವಾರಗಳಿದ್ದವು. ಲಿಂಗಸುಗೂರಿನಿಂದ ಮಸ್ಕಿಗೆ ಬರುವ ಕ್ರೂಸರ್ ಜೀಪಿನಲ್ಲಿ ಡ್ರೈವರ್ ತನ್ನ ಮೊಬೈಲಿನಲ್ಲಿ ಏನೋ ಹಚ್ಚಿದ್ದ. ಅಮೆರಿಕದ ಹಳ್ಳಿಹಾಡುಗಳಲ್ಲಿ ಬರುವಂಥ ಎಳೆದೆಳೆದು ನುಡಿಯುವ ಗಿಟಾರು, ಕೆಳಗೆ ಹಲಗೆಯ ಪೆಟ್ಟು, ಮೇಲೆ ನಮ್ಮ ಕಡೆಯ ಹೆಣ್ಣುದನಿ. ನಕಲೇ ಇರಬೇಕು ಅಂದುಕೊಂಡೆ. ಅನುಮಾನ ಬಂದರೆ ಬೆನ್ನುಹತ್ತುವುದು ಚರ್ಚಾಸ್ಪರ್ಧೆಗಳು ನನಗೆ ಅಂಟಿಸಿದ ಚಟ. ಡ್ರೈವರ್ ಹೇಳಿದ ಗುರುತು ಹಿಡಿದು ಮಸ್ಕಿಯ ಗೊಬ್ಬರದ ಅಂಗಡಿಯ ಮೇಲಿನ ಕೋಣೆಗೆ ಹತ್ತಿದೆ.

ಅಲ್ಲಿ ಮೂವರಿದ್ದರು. ಹಾಡುವಾಕೆ ಲಿಂಗಸುಗೂರಿನ ಕಚೇರಿಯೊಂದರಲ್ಲಿ ನೌಕರಿ ಮಾಡುವವರು; ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ಇದೆಂಥ ಸಂಗೀತ ಎಂದು ಕೆಣಕಿದೆ.

"ಅವರ ಗಿಟಾರು, ನಮ್ಮ ಪದ. ಎರಡೂ ಕಡೆಯವರು ಬೈತಾರ," ಎಂದರು.

ಆಮೇಲೆ ಹಾಡಿದ್ದು ಅವರ ತಾಯಿಯ ಪದ. ತಾಯಿ ಜವಳಗೇರಾ ಕಡೆಯ ಗದ್ದೆಗಳಿಗೆ ಟ್ರ್ಯಾಕ್ಟರಿನಲ್ಲಿ ನಾಟಿಗೆ ಹೋಗುತ್ತಿದ್ದಾಗ ತಾವೇ ಕಟ್ಟಿದ್ದು:

ಮುಗಿಲು ನೋಡಾಕ ತಲಿ ಎತ್ತಲಿಲ್ಲ,
ಕಾಲಾಗಿನ ನೀರಾಗ ಮುಗಿಲಿತ್ತ.

ಕುಳಿತಲ್ಲಿ ಕೂರಲಾಗಲಿಲ್ಲ ನನಗೆ. ಸಿಂಧನೂರಿನ ಉತ್ಸವದಲ್ಲಿ ನೀವು ಹಾಡಬೇಕಾದ್ದು ಇದನ್ನೇ ಎಂದೆ. ಆಗದು ಎಂದರು. ಮನೆಯವರೆಲ್ಲ ಈಗ ಸಂಬಳದವರು, ಸಿಂಧನೂರಿನಲ್ಲಿ ಸ್ವಂತ ಮನೆ, ಓಣಿಯವರೆದುರು ಆ ಕೂಲಿಯ ದಿನಗಳು ಬರಕೂಡದೆಂದು ತಾಯಿ ಕಡ್ಡಿ ಮುರಿದಂತೆ ಹೇಳಿದ್ದರಂತೆ: "ನನ್ನ ಕೆಸರು ನಾ ತೊಳ್ಕೊಂಡೀನಿ. ನೀ ಮೈಕಿನ್ಯಾಗ ಮತ್ತ ಬಳೀಬ್ಯಾಡ."

ನಾನು ಬಿಡಲಿಲ್ಲ. ಸಂಜೆಯಾದರೆ ಹೋಗಿ ವಾದಿಸಿದೆ: ಮುಚ್ಚಿಟ್ಟರೆ ಅದು ಅವಮಾನವೆಂದು ನೀವೇ ಒಪ್ಪಿದಂತಲ್ಲವೇ? ಒಂದು ದಿನ ಅವರು ಗಿಟಾರು ಕೆಳಗಿಟ್ಟರು. "ತಮ್ಮಾ, ನೀ ಚರ್ಚಾಸ್ಪರ್ಧೆಯಾಗ ಯಾವ ಕಡೆ ಚೀಟಿ ಬಂದ್ರೂ ಆ ಕಡೆ ಮಾತಾಡಾಂವ. ನಾ ಹಾಡಿದ ಮ್ಯಾಲೆ ಅದ ಮನಿಗೆ ಹೋಗಾಕಿ." ಮರುದಿನವೂ ಹೋದೆ.

ಉತ್ಸವದ ಸಂಜೆ ಅಕ್ಕ ನನ್ನನ್ನು ಮುಂದಿನ ಸಾಲಿನಲ್ಲಿ ತಮ್ಮ ತಾಯಿಯ ಪಕ್ಕದಲ್ಲೇ ಕೂರಿಸಿ ವೇದಿಕೆ ಹತ್ತಿದರು. ಹಾಡುತ್ತಾರೋ ಇಲ್ಲವೋ ಅವರ ತಂಡಕ್ಕೂ ಗೊತ್ತಿರಲಿಲ್ಲ. ನಾನು ಒಮ್ಮೆ ವೇದಿಕೆ, ಒಮ್ಮೆ ತಾಯಿಯ ಮುಖ ನೋಡುತ್ತಿದ್ದೆ. ಉಳಿದ ಪದಗಳು ಮುಗಿದವು. ಕೊನೆಗೆ ಅದೇ ಧಾಟಿ ಶುರುವಾಯಿತು. ಮೈಕಿನ ಹತ್ತಿರ ಬಂದವರು ಮುಂದಿನ ಸಾಲಿನತ್ತ ನೋಡಿ, ಹಿಂದೆ ಸರಿದು, ಬರೀ ಗಿಟಾರು ನುಡಿಸಿದರು.

ಸೋತೆ ಅಂದುಕೊಂಡೆ. ಆಗ ಸಣ್ಣಗೆ ಮಾತು ಕೇಳಿಸಿತು. ಸ್ಪೀಕರಿನಿಂದಲ್ಲ, ಪಕ್ಕದಿಂದ. ತಾಯಿ, ಕಣ್ಣು ವೇದಿಕೆಯ ಮೇಲೆಯೇ ಇಟ್ಟು, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು, ಒಂದು ಸಾಲೂ ತಪ್ಪದಂತೆ ಹಾಡುತ್ತಿದ್ದರು.

ಚಪ್ಪಾಳೆ ಬಿತ್ತು. ಮಾತಿಲ್ಲದ ಹೊಸ ಪ್ರಯೋಗ ಎಂದು ನಿರೂಪಕರು ಹೊಗಳಿದರು. ಊರ ಕಥೆ ಹುಟ್ಟಿದ್ದು ಅಲ್ಲೇ. ಜನ ವೇದಿಕೆಯತ್ತ ನುಗ್ಗುತ್ತಿದ್ದಾಗ ನಾನು ತಾಯಿಯ ಕಡೆ ಬಾಗಿದೆ.

"ಅಮ್ಮಾ, ನೀವು ಬ್ಯಾಡಂದ್ರಿ ಅಂತ ಅಕ್ಕ ಹಾಡಲಿಲ್ಲ. ಮತ್ತ ನೀವು ಹಾಡಿದ್ದು ಯಾರು ಕೇಳ್ಲಿ ಅಂತ ರೀ?"