ಫೈಲಿನಲ್ಲಿ ಇಲ್ಲದ ರಿಪೋರ್ಟು

ಹುನಗುಂದದ ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಮಗು ಆಗಬೇಕಾದರೆ ಗಂಡಿನದೂ ಬೇಕು, ಹೆಣ್ಣಿನದೂ ಬೇಕು ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಚಿತ್ರ ತೆಗೆದು ಹೇಳಿದವಳು. ಆದರೆ ಮದುವೆಯಾಗಿ ಆರು ವರ್ಷವಾದರೂ ಬಸಿರು ನಿಲ್ಲದಿದ್ದಾಗ ರಕ್ತ ಕೊಟ್ಟವಳೂ ನಾನೇ, ಗರ್ಭನಾಳ ತೆರೆದಿದೆಯೋ ಇಲ್ಲವೋ ನೋಡಲು ಔಷಧ ಹಾಯಿಸಿದಾಗ ಹಲ್ಲು ಕಚ್ಚಿ ಮಲಗಿದವಳೂ ನಾನೇ. ಪಾಠ ಹೇಳುವ ಬಾಯಿ ಬೇರೆ, ಮನೆಯಲ್ಲಿ ಮಾತಾಡುವ ಬಾಯಿ ಬೇರೆ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಗಂಡನಿಗೆ ‘ನೀವೂ ಒಂದು ಟೆಸ್ಟು ಮಾಡಿಸಿಕೊಳ್ಳಿ’ ಎನ್ನಲು ನನಗೆ ಧೈರ್ಯವಾಗಲಿಲ್ಲ.

ನನಗೆ ಮೂವತ್ತೈದು ತುಂಬಿದ ಮೇಲೆ ಹೆದರಿಕೆ ಹೆಚ್ಚಾಯಿತು. ಎರಡು ದವಾಖಾನೆಗಳ ಸುದ್ದಿ ಕೇಳಿದ್ದೆವು. ಒಂದು ಬಾಗಲಕೋಟೆಯ ಹೊಸ ಬಡಾವಣೆ ನವನಗರದ್ದು, ದೊಡ್ಡದು. ಇನ್ನೊಂದು ಹಳೇ ಬಾಗಲಕೋಟೆಯಲ್ಲಿ, ವಯಸ್ಸಾದ ಡಾಕ್ಟರಮ್ಮನದು. ಯಾವುದಕ್ಕೆ ಹೋಗುವುದೆಂದು ಅತ್ತೆ ಬಾದಾಮಿ ಕಡೆಯ ನಮ್ಮ ಮನೆದೇವರನ್ನೇ ಕೇಳಿದರು. ಮೂರ್ತಿಯ ಎರಡೂ ಭುಜಕ್ಕೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ನವನಗರ, ಎಡಗಡೆಯದು ಬಿದ್ದರೆ ಹಳೇ ಬಾಗಲಕೋಟೆ. ಬಲಗಡೆಯದು ಬಿತ್ತು. ವಿಜ್ಞಾನದ ಟೀಚರೂ ಕೈಮುಗಿದಳು. ನನ್ನ ಬದಲಿಗೆ ಯಾರಾದರೂ ನಿರ್ಧಾರ ಮಾಡಿದರೆ ಸಾಕಾಗಿತ್ತು.

ನವನಗರದ ದವಾಖಾನೆಯಲ್ಲಿ ಗೋಡೆ ತುಂಬ ನಗುವ ಕೂಸುಗಳ ಫೋಟೋ. ಡಾಕ್ಟರು ಫೈಲನ್ನು ಅರ್ಧ ನೋಡಿ, “ವಯಸ್ಸು ಭಾಳ ಆಗೇತ್ರಿ ಮೇಡಂ, ನೇರ ಐವಿಎಫ್ ಮಾಡೂಣು. ಈ ತಿಂಗಳೇ ಚಾಲೂ ಮಾಡಿದ್ರ ಚಲೋ” ಎಂದರು. ದಿನಾ ಇಂಜೆಕ್ಷನ್, ಆಮೇಲೆ ಅಂಡ ಹೊರಗೆ ತೆಗೆಯುವುದು, ಲ್ಯಾಬಿನಲ್ಲಿ ಭ್ರೂಣ ಬೆಳೆಸುವುದು.

“ಇವರದು ನೋಡೂದಿಲ್ಲೇನ್ರಿ?” ಎಂದೆ ಮೆಲ್ಲಗೆ, ಪಕ್ಕದಲ್ಲಿ ಕೂತಿದ್ದ ಗಂಡನನ್ನು ತೋರಿಸಿ.

“ಅದು ಆಮ್ಯಾಲ ನೋಡೂಣ್ರಿ.”

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಇನ್ನೊಬ್ಬರನ್ನೂ ಕೇಳೋಣವೆಂದೆ. “ದೇವ್ರು ಹೂ ಕೊಟ್ಟಾನ. ಅವ್ವಗ ಏನ್ ಹೇಳೂದು?” ಎಂದರು ಇವರು.

“ಸೂಜಿ ಚುಚ್ಚಿಸ್ಕೊಳ್ಳಾಕಿ ನಿಮ್ಮ ಅವ್ವ ಅಲ್ರಿ, ನಾನು.”

ಗಂಡನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವರು ಆಟೋ ಕರೆದು “ಹಳೇ ಬಾಗಲಕೋಟಿ” ಎಂದರು.

ಹಳೇ ಬಾಗಲಕೋಟೆಯ ಡಾಕ್ಟರಮ್ಮ ಹಾಳೆ ಹಾಳೆ ತಿರುವಿ, ಮತ್ತೆ ಮೊದಲಿನಿಂದ ತಿರುವಿದರು. “ಯಜಮಾನ್ರ ರಿಪೋರ್ಟ್ ಎಲ್ಲೈತವ್ವಾ?”

“ಇಲ್ರಿ.”

“ಎಲ್ಲಕ್ಕಿಂತ ಮೊದ್ಲ ಮಾಡಿಸೂದು ಅದ. ಭಾಳ ಸಣ್ಣ ಟೆಸ್ಟ್ ಐತಿ.”

ಇವರ ಮುಖ ಕೆಂಪಾಯಿತು. ಫೋನ್ ಬಂತೆಂದು ಎದ್ದು ಹೊರಗೆ ಹೋದರು. ಫೋನ್ ಬಂದಿರಲಿಲ್ಲ. ಮುಕ್ಕಾಲು ತಾಸು ನಾನು ಬಾಗಿಲನ್ನೇ ನೋಡುತ್ತ ಕೂತೆ. ಇಳಕಲ್ ಬಸ್ಸು ಹತ್ತಿಬಿಟ್ಟರೇ? ಇನ್ನು ಮೇಲೆ ನನ್ನ ಜೊತೆ ಮಾತಾಡುತ್ತಾರೋ ಇಲ್ಲವೋ? ಕೊನೆಗೆ ಒದ್ದೆ ಮುಖ ಒರೆಸಿಕೊಳ್ಳುತ್ತ ಬಂದರು. ನನ್ನ ಕಡೆ ನೋಡದೆ ನರ್ಸಿಗೆ “ಡಬ್ಬಿ ಕೊಡ್ರಿ” ಎಂದರು.

ರಿಪೋರ್ಟಿನಲ್ಲಿ ವೀರ್ಯಾಣು ಕಡಿಮೆ ಇದ್ದವು, ಇದ್ದವೂ ಚುರುಕಾಗಿರಲಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು: “ಗುಟಕಾ ಬಿಡ್ರಿ, ಮೂರು ತಿಂಗಳು ಗುಳಿಗಿ ತಗೋರಿ. ಆಮ್ಯಾಲ ವೀರ್ಯ ತೊಳದು ಗರ್ಭಕ್ಕ ಬಿಟ್ಟು ನೋಡೂಣು. ಅದೂ ಆಗ್ಲಿಲ್ಲಂದ್ರ ಐವಿಎಫ್. ಆಗೇ ಆಗ್ತೈತಿ ಅಂತ ಮಾತ್ರ ನಾ ಹೇಳೂದಿಲ್ಲ.” ಆ ಕೊನೆಯ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಇಲ್ಲೇ ತೋರಿಸುವುದೆಂದು ಇಬ್ಬರೂ ಒಪ್ಪಿದೆವು.

ಮನೆಗೆ ಬಂದು ಇವರೇ ಹೇಳಿದರು: “ಅವ್ವಾ, ತೊಂದ್ರಿ ನಂದೈತಿ.” ಅತ್ತೆ ಎದ್ದು ಬಾಗಿಲು ಮುಂದೆ ಮಾಡಿ ಬಂದು, “ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ” ಎಂದರು.

ಎರಡು ದಿನ ಬಿಟ್ಟು ಪಕ್ಕದ ಮನೆಯಾಕೆ ತನ್ನ ಬಸುರಿ ಮಗಳ ಕುಬಸಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದಳು. ಅತ್ತೆಗೆ ಕುಂಕುಮ ಹಚ್ಚಿ, ನನ್ನತ್ತ ತಿರುಗಿ, “ಡಾಕ್ಟರ್ ಏನಂದ್ರವ್ವಾ?” ಎಂದಳು.

“ಸೊಸಿದು ಸ್ವಲ್ಪ ತೊಂದ್ರಿ ಐತಂತ. ಗುಳಿಗಿ ಕೊಟ್ಟಾರ” ಎಂದರು ಅತ್ತೆ.

ನನ್ನ ಗಂಡ ಅಲ್ಲೇ ಕೂತು ಊಟ ಮಾಡುತ್ತಿದ್ದರು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ನಾನು ಅವರನ್ನೇ ನೋಡಿದೆ. ಅವರು ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಸೋಮವಾರ ಮತ್ತೆ ತೋರಿಸಲು ಅವರು ನನ್ನ ಜೊತೆ ಬಾಗಲಕೋಟೆಗೆ ಬರಬೇಕಿತ್ತು; ಇಲ್ಲಿ ಮರ್ಯಾದೆ ಹೋದರೆ ಬರುತ್ತಿರಲಿಲ್ಲ.

“ಹೌದ್ರಿ,” ಎಂದೆ, “ನಂದೇ.”